ಫೇಟ್ ಬೇರೆ, ಡೆಸ್ಟಿನಿ ಬೇರೆ

ಮಗಳ ಮದುವೆ ಕಾರ್ಡಿಗೆ ‘ಫೇಟ್’ ಸರಿಯೋ ‘ಡೆಸ್ಟಿನಿ’ ಸರಿಯೋ ಅಂತ ಕೇಳಿದ್ದೀರಿ. ಎರಡೂ ‘ವಿಧಿ’ ಅನ್ನುವ ಇಂಗ್ಲಿಷ್ ಪದಗಳೇ, ಆದರೂ ಡೆಸ್ಟಿನಿ ಹಾಕಿಸಿ. ‘ಫೇಟ್ ನಮ್ಮನ್ನು ಸೇರಿಸಿತು’ ಅಂತಲೂ ಇಂಗ್ಲಿಷಿನವರು ಹೇಳುತ್ತಾರೆ, ತಪ್ಪಲ್ಲ. ಆದರೆ ಆ ಪದಕ್ಕೆ ಕೆಟ್ಟದ್ದರ ನೆರಳು ಜಾಸ್ತಿ. ಸಾವು ತರುವಂಥದ್ದು ಅನ್ನುವ ‘ಫೇಟಲ್’ ಕೂಡ ಅದೇ ಬೇರಿನದು. ಬೇರು ಲ್ಯಾಟಿನ್‌ನ ‘ಫಾಟುಮ್’, ಅಂದರೆ ನುಡಿದದ್ದು. ನಮ್ಮಲ್ಲಿ ಬ್ರಹ್ಮ ಹಣೆಯಲ್ಲಿ ಬರೆಯುತ್ತಾನೆ, ಅವರಲ್ಲಿ ದೇವರು ನುಡಿದುಬಿಟ್ಟಿರುತ್ತಾನೆ. ಎಷ್ಟು ಚೆಂದ ಅಲ್ವಾ! 1912ರಲ್ಲಿ ಟೈಟಾನಿಕ್ ಹಡಗಿಗೆ ಆದದ್ದು ಫೇಟ್.

ಡೆಸ್ಟಿನಿ ಅಂದರೆ ಹೋಗಿ ಸೇರಬೇಕಾದ ನೆಲೆ. ಡೆಸ್ಟಿನೇಷನ್ ಅದರ ಒಡಹುಟ್ಟು. 1947ರ ಆಗಸ್ಟ್ 14ರ ರಾತ್ರಿ, ಸ್ವಾತಂತ್ರ್ಯದ ಹೊಸ್ತಿಲಲ್ಲಿ ನೆಹರೂ ತಮ್ಮ ಭಾಷಣಕ್ಕೆ ಆರಿಸಿಕೊಂಡದ್ದೂ ಇದೇ ಪದವನ್ನು.