ಮರದ ಬೇಲಿ ಬುಡದಲ್ಲೇ ಲಡ್ಡಾಗ್ತಿದೆ, ಏನ್ ಮಾಡ್ಲಿ?

ಪ್ರಶ್ನೆ: ನಮ್ಮನೆ ಮೂಡಿಗೆರೆ ಹತ್ರ ಸರ್. ಮನೆ ಸುತ್ತ ಸಿಲ್ವರ್ ಓಕ್ ಗೂಟ ಹೊಡೆದು ಬೇಲಿ ಹಾಕಿದ್ವಿ, ಮೂರೇ ಮಳೆಗಾಲಕ್ಕೆ ಬುಡ ಲಡ್ಡಾಗಿ ವಾಲ್ತಿದೆ. ಮತ್ತೆ ಮರದ್ದೇ ಹಾಕೋ ಆಸೆ.

ಉತ್ತರ: ಹಾಕಿ, ಆದ್ರೆ ಸಿಲ್ವರ್ ಓಕ್ ಮಣ್ಣಿಗೆ ಇಳಿಸ್ಬೇಡಿ, ನಮ್ ಕಡೆ ಮಳೆಗೆ, ಗೆದ್ದಲಿಗೆ ಅದು ತಡೆಯಲ್ಲ, ಅಡ್ಡಪಟ್ಟಿಗೆ ಮಾತ್ರ ಇಟ್ಕೊಳ್ಳಿ. ನಿಲ್ಲೋದಕ್ಕೆ ಕಲ್ಲುಕಂಬ ನೆಟ್ಟು ಅದಕ್ಕೆ ಪಟ್ಟಿ ಬೋಲ್ಟ್ ಮಾಡಿದ್ರೆ ನನ್ನ ಪ್ರಕಾರ ಅದೇ ಬೆಸ್ಟು. ಮರದ ಕಂಬಾನೇ ಬೇಕು ಅಂದ್ರೆ ತೇಗದ ಚೇಗು (ಮರದ ಒಳಗಿನ ಗಟ್ಟಿ ಭಾಗ) ತಗೊಂಡು, ಬುಡ ಚೆನ್ನಾಗಿ ಒಣಗಿಸಿ ಟಾರು ಬಳಿದು, ಆರಡಿ ಕಂಬ ಆದ್ರೆ ಎರಡಡಿ ಒಳಗಿರ್ಲಿ, ಗುಂಡಿ ತಳಕ್ಕೆ ಜಲ್ಲಿ ಹಾಕಿ, ನೀರು ಬುಡದಲ್ಲಿ ನಿಲ್ಲಲೇಬಾರ್ದು. ಕೆಳಗಿನ ಪಟ್ಟಿ ನೆಲಕ್ಕೆ ತಾಗಿಸ್ಬೇಡಿ. ಹಿತ್ತಲ ಕಡೆಗೆ ಮಳೆ ಶುರುವಲ್ಲಿ ಹಾಲವಾಣದ ಗೂಟ ನೆಡಿ, ಅದು ಚಿಗುರಿ ಜೀವಂತ ಬೇಲೀನೇ ಆಗುತ್ತೆ.