ಯಾರೂ ಬರೆದಿಡದ ಕಾಲವನ್ನು ಮಕ್ಕಳಿಗೆ ಹೇಗೆ ಹೇಳೋದು?

ಪ್ರಶ್ನೆ: ನಾನು ಆರನೇ ತರಗತಿಗೆ ಇತಿಹಾಸ ಹೇಳಿಕೊಡುತ್ತೇನೆ. ಹಳೆ ಶಿಲಾಯುಗ, ಮಧ್ಯ ಶಿಲಾಯುಗ, ನವಶಿಲಾಯುಗ ಅಂತ ಬೋರ್ಡಿನ ಮೇಲೆ ಬರೆದ ಕೂಡಲೇ ಮಕ್ಕಳ ಮುಖ ಬಾಡುತ್ತದೆ. ಅರ್ಧ ತರಗತಿ ಆದಿಮಾನವರು ಡೈನೋಸಾರ್‌ಗಳನ್ನು ಬೇಟೆಯಾಡುತ್ತಿದ್ದರು ಅಂದುಕೊಂಡಿದೆ. ಮೊನ್ನೆ ಒಬ್ಬ ಹುಡುಗಿ, "ಆಗ ಯಾರಿಗೂ ಬರೆಯೋಕೆ ಬರ್ತಿರ್ಲಿಲ್ಲ, ಮತ್ತೆ ಇದೆಲ್ಲ ಹೇಗೆ ಗೊತ್ತಾಯ್ತು ಮಿಸ್?" ಅಂದಳು. ನನಗೆ ಸರಿಯಾಗಿ ಉತ್ತರ ಕೊಡಲಾಗಲಿಲ್ಲ. ಈ ಪಾಠವನ್ನು ಎಲ್ಲಿಂದ ಶುರು ಮಾಡಬೇಕು?

ಉತ್ತರ: ಆ ಹುಡುಗಿಯ ಪ್ರಶ್ನೆಯಿಂದಲೇ ಶುರು ಮಾಡಿ ಟೀಚರ್. ಇಡೀ ಪಾಠದಲ್ಲಿ ಕೇಳಬೇಕಾದ ಪ್ರಶ್ನೆ ಅದೇ, ಅವಳು ಕೇಳಿಬಿಟ್ಟಿದ್ದಾಳೆ. ಯುಗಗಳ ಹೆಸರನ್ನು ಕೊನೆಗೆ ಇಟ್ಟುಕೊಳ್ಳಿ. ಹೆಸರು ಮೊದಲು ಬಂದರೆ ಮಕ್ಕಳು ಬಾಯಿಪಾಠ ಮಾಡಿ ಪರೀಕ್ಷೆ ಬರೆದು ಮರೆತುಬಿಡ್ತಾರೆ.

ಆದರೆ ಡೈನೋಸಾರ್ ಗೊಂದಲವನ್ನು ಮೊದಲ ದಿನವೇ ತೀರಿಸಿಬಿಡಿ. ಅದಕ್ಕೆ ಒಂದು ಉದ್ದನೆಯ ಹಗ್ಗ ಸಾಕು. ಒಂದು ಮೀಟರ್ ಅಂದರೆ ಒಂದು ಲಕ್ಷ ವರ್ಷ ಅಂತ ಲೆಕ್ಕ ಇಟ್ಟುಕೊಳ್ಳಿ. ಹಗ್ಗದ ಈ ತುದಿ ಇವತ್ತು. ಇಲ್ಲಿಂದ 3 ಮೀಟರ್ ಹಿಂದೆ ಹೋದರೆ ನಮ್ಮಂಥ ಮನುಷ್ಯರ ಅತಿ ಹಳೆಯ ಮೂಳೆಗಳು, ಮೊರಾಕ್ಕೋದ ಜೆಬೆಲ್ ಇರ್ಹೂದ್‌ನಲ್ಲಿ ಸಿಕ್ಕಿದವು. 33 ಮೀಟರ್ ಹಿಂದೆ, ಕೀನ್ಯಾದಲ್ಲಿ ಸಿಕ್ಕ ಅತಿ ಹಳೆಯ ಕಲ್ಲಿನ ಉಪಕರಣಗಳು. ಇನ್ನು ಡೈನೋಸಾರ್‌ಗಳು ಅಳಿದದ್ದು 6 ಕೋಟಿ 60 ಲಕ್ಷ ವರ್ಷ ಹಿಂದೆ, ಅಂದರೆ ಹಗ್ಗ 660 ಮೀಟರ್ ಬೇಕು. ಅಷ್ಟು ದೂರ ಮಕ್ಕಳನ್ನು ನಡೆಸಿಕೊಂಡು ಹೋಗಿ ಬನ್ನಿ, ನಿಜವಾಗಿಯೂ ಕಾಲು ನೋಯಲಿ. ಆಮೇಲೆ ಯಾರೂ ಆ ತಪ್ಪು ಮಾಡಲ್ಲ.

ವಾಪಸ್ ಬಂದಮೇಲೆ ಈ ತುದಿಯನ್ನು ಹತ್ತಿರದಿಂದ ತೋರಿಸಿ. ಬೇಸಾಯ ಶುರುವಾದದ್ದು ಸುಮಾರು 11 ಸೆಂಟಿಮೀಟರ್ ಹಿಂದೆ. ಬರವಣಿಗೆ ಬಂದದ್ದು 5 ಸೆಂಟಿಮೀಟರ್ ಚಿಲ್ಲರೆ, ಒಂದು ಬೆರಳಿನ ಉದ್ದವೂ ಇಲ್ಲ. ಹತ್ತು ವರ್ಷ ಅಂದರೆ ಹೆಚ್ಚು ಕಡಿಮೆ ಒಂದು ತಲೆಗೂದಲಿನ ದಪ್ಪ, ಅದು ಅವರದೇ ವಯಸ್ಸು. ನಾನು ಇದನ್ನು ಮಾಡಿಸಿದಾಗಲೆಲ್ಲ ಮಕ್ಕಳು ಬಗ್ಗಿ ಕೂತು ಆ ತುದಿಯನ್ನೇ ನೋಡ್ತಾರೆ. ಉಳಿದ ಹಗ್ಗದಲ್ಲಿ ಏನಿತ್ತು ಅಂತ ಅವರೇ ಕೇಳ್ತಾರೆ.

ಆಗ ಹೇಳಿ ಲಾಯೆಟೋಲಿಯ ಕಥೆ. ಟಾಂಜಾನಿಯಾದಲ್ಲಿ ಸುಮಾರು 36 ಲಕ್ಷ ವರ್ಷ ಹಿಂದೆ ಜ್ವಾಲಾಮುಖಿಯ ಬೂದಿ ನೆಲದ ಮೇಲೆ ಹರಡಿತ್ತು. ಮೇಲೆ ಸಣ್ಣ ಮಳೆ ಬಿತ್ತು. ಒದ್ದೆ ಬೂದಿಯ ಮೇಲೆ ಆನೆಗಳು, ಹಕ್ಕಿಗಳು, ಮೊಲಗಳು ಓಡಾಡಿದವು, ಜೊತೆಗೆ ಎರಡು ಕಾಲಿನ ಮೇಲೆ ನಡೆಯುವ ಕೆಲವರೂ ನಡೆದುಹೋದರು. ಬೂದಿ ಗಟ್ಟಿಯಾಯಿತು, ಅದರ ಮೇಲೆ ಇನ್ನಷ್ಟು ಬೂದಿ ಬಿದ್ದು ಮುಚ್ಚಿಹೋಯಿತು. 1978ರಲ್ಲಿ ಪುರಾತತ್ವ ಸಂಶೋಧಕಿ ಮೇರಿ ಲೀಕಿಯವರ ತಂಡಕ್ಕೆ ಆ ಹೆಜ್ಜೆಗಳು ಸಿಕ್ಕವು. ಮಳೆ ಹನಿ ಬಿದ್ದ ಗುರುತು ಕೂಡ ಅಲ್ಲಿ ಉಳಿದಿದೆ! ನನಗೆ ಇವತ್ತಿಗೂ ಆ ಮಳೆ ಹನಿಯ ವಿಷಯ ಹೇಳುವಾಗ ಮೈ ಜುಮ್ ಅನ್ನುತ್ತೆ.

ಕಥೆ ಹೇಳಿ ಬಿಟ್ಟುಬಿಡಬೇಡಿ, ಮಾಡಿಸಿ. ಆಟದ ಮೈದಾನದಲ್ಲಿ ಉದ್ದ ಜಿಗಿತಕ್ಕೆ ಅಂತ ಮರಳು ಹಾಕಿರ್ತಾರಲ್ಲ, ಅದನ್ನು ಒದ್ದೆ ಮಾಡಿ ಮಟ್ಟ ಮಾಡಿ. ತರಗತಿಯನ್ನು ಒಳಗೆ ಕೂರಿಸಿ ಮೂವರನ್ನು ಮಾತ್ರ ಬರಿಗಾಲಲ್ಲಿ ನಡೆಸಿ. ಒಬ್ಬರು ಓಡಲಿ, ಒಬ್ಬರು ಭಾರದ ಚೀಲ ಹೊತ್ತುಕೊಂಡಿರಲಿ, ಮೂರನೆಯವರು ಮುಂದಿನವರ ಹೆಜ್ಜೆ ಮೇಲೇ ಹೆಜ್ಜೆ ಇಡಲಿ. ಆಮೇಲೆ ಉಳಿದವರನ್ನು ಕರೆದು, ಇಲ್ಲಿ ಏನು ನಡೆಯಿತು ಅಂತ ಕೇಳಿ. ನಾನು ಒಮ್ಮೆ ಹೀಗೆ ಮಾಡಿಸಿದಾಗ ಎಲ್ಲರೂ "ಇಬ್ಬರು ಹೋಗಿದ್ದಾರೆ" ಅಂತ ಕೂಗಿದರು. ಒಬ್ಬ ಹುಡುಗ ಮಾತ್ರ ಮಂಡಿಯೂರಿ ಕೂತು, ಒಂದು ಹೆಜ್ಜೆಯ ಹಿಮ್ಮಡಿ ಹತ್ತಿರ ಬೆರಳಿಟ್ಟು, "ಇಲ್ಲಿ ಎರಡು ಅಂಚು ಇದೆ" ಅಂದ. ಲಾಯೆಟೋಲಿಯಲ್ಲೂ ಹಾಗೇ ಆಗಿದೆ. ದೊಡ್ಡ ಹೆಜ್ಜೆಗಳ ಸಾಲಿನಲ್ಲಿ ಒಬ್ಬರ ಹೆಜ್ಜೆ ಮೇಲೆ ಇನ್ನೊಬ್ಬರು ಕಾಲಿಟ್ಟಿದ್ದಾರೆ.

ಈಗ ಬೋರ್ಡಿನಲ್ಲಿ ಎರಡು ಸಾಲು ಮಾಡಿ. ಒಂದು ಕಡೆ "ಕಣ್ಣಿಗೆ ಕಾಣೋದು", ಇನ್ನೊಂದು ಕಡೆ "ನಾವು ಅಂದುಕೊಳ್ಳೋದು". ಹೆಬ್ಬೆರಳು ಪಕ್ಕಕ್ಕೆ ಚಾಚದೆ ಉಳಿದ ಬೆರಳುಗಳ ಜೊತೆಗೇ ಮುಂದಕ್ಕಿದೆ, ಹಿಮ್ಮಡಿ ಮೊದಲು ಊರಿದೆ: ಇದು ಕಾಣೋದು. ಅವರು ಅಪ್ಪ, ಅಮ್ಮ, ಮಗು ಅನ್ನೋದು ನಾವು ಅಂದುಕೊಳ್ಳೋದು. ಎಷ್ಟೋ ಚಿತ್ರಗಳಲ್ಲಿ ಅವರನ್ನು ಒಂದು ಕುಟುಂಬದ ಹಾಗೆ ಬರೆದುಬಿಟ್ಟಿರ್ತಾರೆ, ಹೆಜ್ಜೆ ಗುರುತು ಅದನ್ನು ಹೇಳಲ್ಲ. ಈ ವ್ಯತ್ಯಾಸ ಒಂದು ಮಗುವಿಗೆ ಹತ್ತಿದರೆ ಸಾಕು, ನಿಮ್ಮ ಹುಡುಗಿಯ ಪ್ರಶ್ನೆಗೆ ಉತ್ತರ ಸಿಕ್ಕ ಹಾಗೆ.

ವರ್ಷ ಹೇಗೆ ಗೊತ್ತಾಯ್ತು ಅಂತಲೂ ಕೇಳ್ತಾರೆ. ಆರನೇ ತರಗತಿಗೆ ಇಷ್ಟು ಸಾಕು: ಕೆಲವು ಧಾತುಗಳು ಗೊತ್ತಿರುವ ವೇಗದಲ್ಲಿ ಕಡಿಮೆಯಾಗುತ್ತಾ ಹೋಗುತ್ತವೆ, ಎಷ್ಟು ಉಳಿದಿದೆ ಅಂತ ಅಳೆದರೆ ಕಾಲ ತಿಳಿಯುತ್ತೆ. ಮೂಳೆ, ಇದ್ದಿಲಿಗೆ ಕಾರ್ಬನ್ 14, ಅದು 5,730 ವರ್ಷಕ್ಕೊಮ್ಮೆ ಅರ್ಧಕ್ಕೆ ಇಳಿಯುತ್ತೆ, ಸುಮಾರು 50,000 ವರ್ಷದವರೆಗೆ ಉಪಯೋಗಕ್ಕೆ ಬರುತ್ತೆ. ಅದಕ್ಕಿಂತ ಹಳೆಯ ಜ್ವಾಲಾಮುಖಿ ಬೂದಿಗೆ ಪೊಟ್ಯಾಸಿಯಂ ಆರ್ಗಾನ್ ವಿಧಾನ, ಅಂದರೆ ಪೊಟ್ಯಾಸಿಯಂ ನಿಧಾನಕ್ಕೆ ಆರ್ಗಾನ್ ಅನಿಲವಾಗೋದನ್ನು ಅಳೆಯೋದು.

ಮಂಗ ನಿಧಾನಕ್ಕೆ ನೆಟ್ಟಗಾಗಿ ಮನುಷ್ಯನಾಗುವ ಆ ಸಾಲು ಚಿತ್ರ ತರಗತಿಯ ಗೋಡೆ ಮೇಲಿದ್ದರೆ ದಯವಿಟ್ಟು ತೆಗೆದುಬಿಡಿ. ಒಂದೇ ಸಾಲಿನಲ್ಲಿ ಬಂದವರು ಅನ್ನೋ ತಪ್ಪು ಕಲ್ಪನೆ ಅದರಿಂದಲೇ ಬರೋದು. ಚಿಂಪಾಂಜಿ ನಮ್ಮ ಅಜ್ಜ ಅಲ್ಲ, ದೂರದ ದಾಯಾದಿ. ಎರಡು ಕಾಲಿನ ನಡಿಗೆ ಬಂದಾಗ ಮಿದುಳು ಇನ್ನೂ ಚಿಕ್ಕದೇ ಇತ್ತು. 1974ರಲ್ಲಿ ಇಥಿಯೋಪಿಯಾದಲ್ಲಿ ಪಳೆಯುಳಿಕೆಯಾಗಿ ಮೂಳೆಗಳು ಸಿಕ್ಕ, ಲೂಸಿ ಅಂತ ಹೆಸರಿಟ್ಟ ಆದಿಮಾನವಿ ಸುಮಾರು ಮೂರೂವರೆ ಅಡಿ ಎತ್ತರ, ಅವಳ ಜಾತಿಯ ಮಿದುಳು ನಮ್ಮದರ ಮೂರನೇ ಒಂದು ಭಾಗದಷ್ಟು, ಆದರೂ ನೆಟ್ಟಗೆ ನಡೆಯುತ್ತಿದ್ದಳು. ಈಗ ಅಳಿದುಹೋಗಿರುವ ಇನ್ನೊಂದು ಬಗೆಯ ಮನುಷ್ಯರಾದ ನಿಯಾಂಡರ್ತಾಲರಂತೂ ನಮ್ಮಂಥ ಮನುಷ್ಯರ ಕಾಲದಲ್ಲೇ ಬದುಕಿದ್ದರು, ಆಫ್ರಿಕಾದ ಹೊರಗಿನ ಮೂಲದ ಜನರ ಡಿಎನ್ಎಯಲ್ಲಿ ಅವರದು ಇವತ್ತಿಗೂ ಶೇಕಡಾ 1ರಿಂದ 2ರಷ್ಟಿದೆ.

ತಜ್ಞರೂ ತಪ್ಪು ಮಾಡ್ತಾರೆ ಅನ್ನೋದನ್ನು ಮುಚ್ಚಿಡಬೇಡಿ. ಅದಕ್ಕೆ ನನಗೆ ತುಂಬಾ ಇಷ್ಟವಾದ ಕಥೆ ಅಲ್ತಮಿರಾದ್ದು. 1879ರಲ್ಲಿ ಸ್ಪೇನಿನ ಆ ಗುಹೆಯಲ್ಲಿ ಸಾಉತುವೊಲಾ ಅನ್ನುವವರು ತಲೆ ತಗ್ಗಿಸಿ ನೆಲದಲ್ಲಿ ಕಲ್ಲಿನ ಉಪಕರಣ ಹುಡುಕುತ್ತಿದ್ದರು. ಜೊತೆಗೆ ಬಂದಿದ್ದ ಎಂಟು ವರ್ಷದ ಮಗಳು ಮರಿಯಾ ತಲೆ ಎತ್ತಿ ಚಾವಣಿ ನೋಡಿದಳು. ಅಲ್ಲಿ ಕೆಂಪು, ಕಪ್ಪು ಬಣ್ಣದ ಬೈಸನ್‌ಗಳು! ಆದಿಮಾನವರು ಇಷ್ಟು ಚೆನ್ನಾಗಿ ಚಿತ್ರ ಬರೆಯೋಕೆ ಸಾಧ್ಯವೇ ಇಲ್ಲ ಅಂತ ದೊಡ್ಡ ವಿದ್ವಾಂಸರು ಒಪ್ಪಲಿಲ್ಲ, ಮೋಸ ಅಂತಲೂ ಅಂದರು. ಸಾಉತುವೊಲಾ 1888ರಲ್ಲಿ ತೀರಿಕೊಂಡರು. ವಿರೋಧಿಸಿದವರಲ್ಲಿ ಮುಖ್ಯರಾದ ಕಾರ್ತೈಯಾಕ್ 1902ರಲ್ಲಿ ತಮ್ಮದೇ ತಪ್ಪು ಅಂತ ಬರೆದು ಒಪ್ಪಿಕೊಂಡರು. ಅಷ್ಟರಲ್ಲಿ ಬೇರೆ ಗುಹೆಗಳಲ್ಲೂ ಅಂಥ ಚಿತ್ರಗಳು ಸಿಕ್ಕಿದ್ದವು. ಇದನ್ನು ಹೇಳಿ ಮುಗಿಸಿದಾಗ ಮಕ್ಕಳಿಗೆ ಸಿಟ್ಟು ಬರುತ್ತೆ, ಬರಲಿ.

ಕಲ್ಲು ಒಡೆಸಿ ಉಪಕರಣ ಮಾಡಿಸೋಣ ಅಂತ ನಿಮಗೆ ಅನ್ನಿಸಬಹುದು. ಬೇಡ, ಚೂರು ಗಾಜಿನಷ್ಟು ಚೂಪಾಗಿರುತ್ತೆ, ಕಣ್ಣಿಗೆ ಹಾರುತ್ತೆ. ಅದರ ಬದಲು ಗುಹೆಗಳಲ್ಲಿ ಸಿಗುವ ಕೈ ಅಚ್ಚು ಮಾಡಿಸಿ. ಕಾಗದದ ಮೇಲೆ ಒಂದು ಕೈ ಇಟ್ಟು, ಇನ್ನೊಂದು ಕೈಯಲ್ಲಿ ಹಳೆ ಬ್ರಷ್ ಹಿಡಿದು ಸುತ್ತಲೂ ನೀರುಬಣ್ಣ ಚಿಮುಕಿಸಲಿ. ಒಣಗಿದ ಮೇಲೆ ಗೋಡೆಗೆ ಅಂಟಿಸಿ, ಗುಹೆಗಳಲ್ಲಿ ಎಡಗೈ ಅಚ್ಚುಗಳೇ ಯಾಕೆ ಜಾಸ್ತಿ ಅಂತ ಕೇಳಿ. ಉತ್ತರ ನೀವು ಹೇಳಬೇಡಿ. ಬಣ್ಣ ಮೆತ್ತಿದ ತಮ್ಮ ಬಲಗೈಯನ್ನು ಅವರೇ ನೋಡಿಕೊಳ್ಳಲಿ.