ಅಸ್ತಮಾಕ್ಕೆ ಕೀಮೋಕೈನ್ ರಿಸೆಪ್ಟರ್ ತಡೆಯುವ ಮಾತ್ರೆ ಇದೆಯೇ? ಅಪ್ಪನ ಪಂಪ್ ನಿಲ್ಲಿಸಬಹುದೇ?

ಶಿಡ್ಲಘಟ್ಟದಲ್ಲಿ ರೇಷ್ಮೆ ರೀಲಿಂಗ್ ಮಾಡುವ ನಿಮ್ಮ ತಂದೆಯವರಿಗೆ ಉಬ್ಬಸ ಜಾಸ್ತಿಯಾಗಿದೆ, ಸ್ಟೀರಾಯ್ಡ್ ಪಂಪ್ (ಇನ್ಹೇಲರ್) ಅಂದರೆ ಮನೆಯವರಿಗೆಲ್ಲ ಭಯ, ಕೀಮೋಕೈನ್ ರಿಸೆಪ್ಟರ್ ತಡೆಯುವ ಹೊಸ ಮಾತ್ರೆಗೆ ಕಾಯಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಕಾಯಬೇಡಿ, ಪಂಪ್ ನಿಲ್ಲಿಸಲೇಬೇಡಿ. ನಾನು ಚಿಕ್ಕಬಳ್ಳಾಪುರದಲ್ಲಿ ಫಾರ್ಮಕಾಲಜಿ (ಔಷಧಶಾಸ್ತ್ರ) ಪಾಠ ಮಾಡುತ್ತೇನೆ. ಅಸ್ತಮಾಕ್ಕೆ ಅಂಥ ಮಾತ್ರೆ ಇನ್ನೂ ಬಂದಿಲ್ಲ.

ಯೋಚನೆಯೇನೋ ಚೆನ್ನಾಗಿಯೇ ಇತ್ತು. ಗೂಡು ಬೇಯಿಸುವ ಹಬೆ, ಹುಳುವಿನ ಪುಡಿ, ಚಿಟ್ಟೆಯ ರೆಕ್ಕೆಯ ಹುಡಿ ಉಸಿರಿನ ಜೊತೆ ಒಳಗೆ ಹೋದಾಗ ಕೆಲವರ ಶ್ವಾಸನಾಳ ಕೆರಳುತ್ತದೆ. ಅಲ್ಲಿನ ಜೀವಕೋಶಗಳು ಕೀಮೋಕೈನ್ ಎಂಬ ಸಣ್ಣ ಪ್ರೋಟೀನ್‌ಗಳನ್ನು ಬಿಡುತ್ತವೆ. ರಕ್ತದ ಬಿಳಿ ಕಣಗಳ ಮೈಮೇಲೆ ಅವನ್ನು ಗುರುತಿಸುವ ರಿಸೆಪ್ಟರ್‌ಗಳಿವೆ. ಕೀಮೋಕೈನ್ ದಟ್ಟವಾಗಿರುವ ಕಡೆಗೆ ಆ ಕಣಗಳು ರಕ್ತನಾಳ ದಾಟಿ ಬರುತ್ತವೆ. ಇಯೊಸಿನೊಫಿಲ್ ಎಂಬ ಬಗೆಯ ಬಿಳಿ ಕಣದ ಮೇಲಿನ ರಿಸೆಪ್ಟರ್ ಸಿಸಿಆರ್3, ನ್ಯೂಟ್ರೊಫಿಲ್ ಎಂಬ ಇನ್ನೊಂದು ಬಗೆಯ ಮೇಲೆ ಸಿಎಕ್ಸ್‌ಸಿಆರ್2. ಇದನ್ನೇ ಮುಚ್ಚಿಬಿಟ್ಟರೆ ಕಣ ಬರುವುದಿಲ್ಲ, ಊತವೂ ಇಲ್ಲ ಎಂಬುದು ಲೆಕ್ಕಾಚಾರ.

ತೊಡಕಿರುವುದು ಇಲ್ಲೇ. ಕೀಮೋಕೈನ್‌ಗಳು ಸುಮಾರು 50, ರಿಸೆಪ್ಟರ್‌ಗಳು ಸುಮಾರು 20. ಒಂದೇ ರಿಸೆಪ್ಟರಿಗೆ ಹಲವು ಕೀಮೋಕೈನ್ ಅಂಟುತ್ತವೆ, ಒಂದೇ ಕೀಮೋಕೈನ್ ಹಲವು ರಿಸೆಪ್ಟರಿಗೆ ಅಂಟುತ್ತದೆ. ಒಂದನ್ನು ಮುಚ್ಚಿದರೂ ಬಿಳಿ ಕಣಕ್ಕೆ ಬೇರೆ ಕರೆ ತಲುಪುತ್ತಲೇ ಇರುತ್ತದೆ. ಸಿಸಿಆರ್3 ತಡೆಯುವ ಮಾತ್ರೆಯೊಂದನ್ನು ಅಸ್ತಮಾ ರೋಗಿಗಳಿಗೆ ಕೊಟ್ಟು ನೋಡಿದಾಗ ಕಫದಲ್ಲಿನ ಇಯೊಸಿನೊಫಿಲ್ ಗಣನೀಯವಾಗಿ ಇಳಿಯಲಿಲ್ಲ. ಸಿಎಕ್ಸ್‌ಸಿಆರ್2 ತಡೆಯುವ ಎಝಡ್‌ಡಿ5069 ಎಂಬ ಔಷಧಿ ರಕ್ತದ ನ್ಯೂಟ್ರೊಫಿಲ್ ಇಳಿಸಿತು, ಆದರೆ 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ತೀವ್ರ ಅಸ್ತಮಾ ಉಲ್ಬಣಿಸುವುದನ್ನು ಕಡಿಮೆ ಮಾಡಲಿಲ್ಲ. ಸೋಂಕಿನ ವಿರುದ್ಧ ಮೊದಲು ಓಡುವ ಕಣ ನ್ಯೂಟ್ರೊಫಿಲ್, ಅದನ್ನು ತಡೆದರೆ ಸೋಂಕಿನ ಭಯವಿದೆ ಎಂಬುದೂ ನೆನಪಿರಲಿ. ಈ ಜಾತಿಯ ಔಷಧಿ ಗೆದ್ದಿರುವುದು ಬೇರೆ ಕಡೆ: ಎಚ್‌ಐವಿಗೆ ಮರಾವಿರಾಕ್ 2007ರಲ್ಲಿ, ಮೂಳೆಮಜ್ಜೆಯ ಕಾಂಡಕೋಶಗಳನ್ನು (ರಕ್ತಕಣಗಳನ್ನು ಹುಟ್ಟಿಸುವ ಮೂಲ ಕೋಶಗಳು) ರಕ್ತಕ್ಕಿಳಿಸಲು ಪ್ಲೆರಿಕ್ಸಾಫರ್ 2008ರಲ್ಲಿ.

ಶ್ವಾಸಕೋಶದಲ್ಲಿ ಫಲ ಕೊಟ್ಟಿದ್ದು ಇನ್ನೊಂದು ದಾರಿ. ಇಯೊಸಿನೊಫಿಲ್ ಬೆಳೆಯಲು, ಬದುಕಲು ಬೇಕಾದ ಐಎಲ್-5 ಎಂಬ ಪ್ರೋಟೀನನ್ನೇ ಕಟ್ಟಿಹಾಕುವ ಮೆಪೊಲಿಝುಮ್ಯಾಬ್ ಇಂಜೆಕ್ಷನ್‌ಗೆ 2015ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ತಕ್ಕ ರೋಗಿಗಳಲ್ಲಿ ಉಬ್ಬಸ ಉಲ್ಬಣಿಸುವುದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಬೆಲೆ ಮಾತ್ರ ದುಬಾರಿ, ಮತ್ತು ಪಂಪ್ ಸರಿಯಾಗಿ ತೆಗೆದುಕೊಂಡರೂ ಹಿಡಿತಕ್ಕೆ ಬಾರದವರಿಗಷ್ಟೇ ಅದು.

ಹಾಗಾಗಿ ಮೊದಲು ಪಂಪ್ ಬಳಸುವ ರೀತಿ ನೋಡಿ. ಉಸಿರನ್ನು ಪೂರ್ತಿ ಹೊರಬಿಟ್ಟು, ಒತ್ತುತ್ತಿದ್ದಂತೆ ನಿಧಾನವಾಗಿ ಒಳಗೆಳೆದು, ಹತ್ತು ಸೆಕೆಂಡ್ ಹಿಡಿದುಕೊಳ್ಳಬೇಕು. ಸ್ಪೇಸರ್ (ಪಂಪಿಗೆ ಸಿಕ್ಕಿಸುವ ಕೊಳವೆಯಂಥ ಡಬ್ಬಿ) ಹಾಕಿದರೆ ಇನ್ನೂ ಸುಲಭ. ಆಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು. ಹೀಗೆ ಸೇದುವ ಸ್ಟೀರಾಯ್ಡ್ ಮೈಕ್ರೊಗ್ರಾಂ ಲೆಕ್ಕದ್ದು, ನೇರ ಶ್ವಾಸನಾಳಕ್ಕೆ ಹೋಗುತ್ತದೆ. ನಿಮ್ಮ ಭಯ ಹೆಚ್ಚು ಸಲ್ಲುವುದು ಉಬ್ಬಸ ಬಂದಾಗೆಲ್ಲ ನುಂಗುವ ಸ್ಟೀರಾಯ್ಡ್ ಮಾತ್ರೆಗೆ. ಪಂಪಿನ ಸ್ಟೀರಾಯ್ಡ್ ಕೀಮೋಕೈನ್‌ಗಳ ಉತ್ಪಾದನೆಯನ್ನೂ ತಗ್ಗಿಸುತ್ತದೆ, ಅಂದರೆ ನೀವು ಹುಡುಕುತ್ತಿರುವ ಕೆಲಸ ಒಂದಿಷ್ಟು ಅದರಿಂದಲೇ ಆಗುತ್ತಿದೆ.

ಇನ್ನೊಂದು ಮಾತು. ಪೀಕ್ ಫ್ಲೋ ಮೀಟರ್ (ಜೋರಾಗಿ ಊದಿದ ಉಸಿರಿನ ವೇಗ ಅಳೆಯುವ ಸಣ್ಣ ಸಾಧನ) ಕೊಂಡು, ಕೆಲಸವಿದ್ದ ದಿನಗಳಲ್ಲೂ ರಜೆಯ ದಿನಗಳಲ್ಲೂ ದಿನಕ್ಕೆ ನಾಲ್ಕು ಸಲ ಊದಿಸಿ ಬರೆದಿಡಿ. ರಜೆಯಲ್ಲಿ ಅಂಕಿ ಏರಿ, ಗೂಡು ಬೇಯಿಸುವ ಬಾಣಲೆ ಮುಂದೆ ಕೂತಾಗ ಇಳಿಯುತ್ತಿದ್ದರೆ ಕೆಲಸದಿಂದಲೇ ಬಂದ ಅಸ್ತಮಾ ಎಂಬ ಅನುಮಾನ ಬಲವಾಗುತ್ತದೆ. ಆ ಹಾಳೆಯನ್ನೂ ರಕ್ತದ ಇಯೊಸಿನೊಫಿಲ್ ವರದಿಯನ್ನೂ ಶ್ವಾಸಕೋಶ ತಜ್ಞರಿಗೆ ತೋರಿಸಿ. ಜಂತುಹುಳು ಇದ್ದರೂ ಆ ಎಣಿಕೆ ಏರುತ್ತದೆ, ಅದನ್ನೂ ಅವರಲ್ಲಿ ಕೇಳಿ.